ತಿರುಗಿ ನೋಡದ ಹೆಸರು

ರಾಜರ ಸರ್ಕಾರದ ಬಿಳಿ ಗಾಡಿ ಏದುಸಿರು ಬಿಡುತ್ತ ಹಾ ಸೆಲೊಮೊ ಊರಿನ ಏರು ಹತ್ತಿ ಬರುವಾಗ ಮಾನೆಯೊ ಗೋರಿಯ ಮೇಲಿನ ಕಳೆ ಕೀಳುತ್ತಿದ್ದಳು. ಪೀಚ್ ಮರಗಳು ಎಲೆ ಬರುವ ಮೊದಲೇ ಮೈತುಂಬ ಹೂ ಬಿಟ್ಟು ನಿಂತ ಕಾಲ. ಗಾಳಿ ಮಾತ್ರ ಇನ್ನೂ ಹಿಮದ ಕಡೆಯಿಂದಲೇ ಬೀಸುತ್ತಿತ್ತು. ಗಾಡಿ ತನ್ನ ಮನೆಗೇ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಊರ ಗೌಡ ಮುಂಚೆಯೇ ಬಂದು ಸುದ್ದಿ ಮುಟ್ಟಿಸಿದ್ದ. ಆದರೂ ಅವಳು ಏಳಲಿಲ್ಲ. ನಾಳೆ ಅಗೆದುಹಾಕುವ ಗೋರಿಗೆ ಇವತ್ತು ಕಳೆ ಕೀಳುವುದು ಹುಚ್ಚೇ ಸರಿ, ಆದರೆ ಕೈ ಕೇಳಬೇಕಲ್ಲ.

ಗಾಡಿಯಿಂದ ಮೊದಲು ಇಳಿದವನು ಮೊಖೆಥಿ. ವಿದೇಶಾಂಗ ಇಲಾಖೆಯವನು, ಸಮಾರಂಭಗಳ ಉಸ್ತುವಾರಿ. ಬೂಟಿಗೆ ಧೂಳು ತಾಗದ ಕಲ್ಲು ಹುಡುಕಿ ಹುಡುಕಿ ಕಾಲಿಡುತ್ತ ಬಂದ.

"ಶಾಂತಿ ಇರಲಿ, ಅವ್ವ."

"ಇತ್ತಪ್ಪ, ನೀವು ಬರೋ ತನಕ."

ಅವನು ನಕ್ಕ. ಇಂಥ ಮುದುಕಿಯರ ಬಾಯಿ ಅವನಿಗೆ ಹೊಸದಲ್ಲ. ಅವನ ಅಜ್ಜಿಯೂ ಬೆಟ್ಟದವಳೇ. "ಹಾಗನ್ಬೇಡಿ ಅವ್ವ. ಇದು ಎರಡು ದೇಶದ ಸ್ನೇಹದ ವಿಚಾರ. ನಾಳೆ ಸೇತುವೆ ಮೇಲೆ ಆ ಕಡೆ ಮಂತ್ರಿ, ಈ ಕಡೆ ಮಂತ್ರಿ, ಬ್ಯಾಂಡು, ಭಾಷಣ. ನಿಮ್ಮನ್ನ ಮುಂದಿನ ಸಾಲಲ್ಲೇ ಕೂರಿಸ್ತೀವಿ."

"ಸ್ನೇಹ ಅವರವರದು. ಅಗಿಯೋದು ಮಾತ್ರ ನನ್ನ ಹೊಲ."

ದೊಡ್ಡ ದೇಶವೊಂದರ ಹೊಟ್ಟೆಯೊಳಗೆ ಕೂತ ಪುಟ್ಟ ರಾಜ್ಯ ನಮ್ಮದು. ಯಾವ ದಿಕ್ಕಿಗೆ ನಡೆದರೂ ಕೊನೆಗೆ ಸಿಗುವುದು ಅವರ ಬೇಲಿಯೇ. ಆನೆ ನಡೆದದ್ದೇ ದಾರಿ. ಅವರು ಗಡಿ ಮುಚ್ಚಿದ ದಿನಗಳಲ್ಲಿ ಇಲ್ಲಿ ಸಕ್ಕರೆಯಿಲ್ಲ, ಸೀಮೆಎಣ್ಣೆಯಿಲ್ಲ. ನಮ್ಮ ಬೆಟ್ಟದ ನೀರು ಸುರಂಗದಲ್ಲಿ ಅವರ ನಲ್ಲಿಗೆ ಹೋಗುತ್ತದೆ, ನಮ್ಮ ಗಂಡಸರು ಅವರ ಗಣಿಗೆ ಹೋಗುತ್ತಾರೆ. ನೀರಂತೂ ತಿರುಗಿ ಬರುವುದಿಲ್ಲ, ಗಂಡಸರದೂ ಖಾತ್ರಿಯಿಲ್ಲ. ಮಾನೆಯೊಳ ಗಂಡ ಹಾಗೆ ಹೋದವನೇ. ಮದುವೆಯಾದ ಚಳಿಗಾಲದಲ್ಲೇ ಚಿನ್ನದ ಗಣಿಗೆ ಹೋದ; ಆಮೇಲೆ ಅಲ್ಲೇ ಯಾವಳನ್ನೋ ಕಟ್ಟಿಕೊಂಡ ಅಂತ ಸುದ್ದಿ ಬಂತು. ಸತ್ತಿದ್ದರೆ ಕಪ್ಪು ಬಟ್ಟೆ ಉಟ್ಟು ಅತ್ತು ಮುಗಿಸಬಹುದಿತ್ತು. ಬದುಕಿರುವವನಿಗೆ ಯಾವ ಸೂತಕ ಹಿಡಿಯುವುದು?

ಅವಳ ಹೆಸರಿನದೂ ಒಂದು ಕಥೆ. ನಮ್ಮಲ್ಲಿ ಸೊಸೆ ಮನೆ ತುಂಬಿದ ದಿನವೇ, ಇನ್ನೂ ಹುಟ್ಟದ ಮಗುವಿಗೆ ಹೆಸರಿಟ್ಟು, ಅವಳನ್ನು ಆ ಮಗುವಿನ ತಾಯಿ ಎಂದು ಕರೆಯುವುದು ಪದ್ಧತಿ. ಅತ್ತೆ ಮಾವ ಇಟ್ಟದ್ದು ನೆಯೊ, ಅಂದರೆ ಕೊಡುಗೆ. ನೆಯೊ ಬರಲೇ ಇಲ್ಲ. ತಾಯಿ ಮಾತ್ರ ಊರ ಬಾಯಲ್ಲಿ ಮಾನೆಯೊ, ಅಂದರೆ ನೆಯೊನ ತಾಯಿ, ಆಗಿಯೇ ಉಳಿದಳು. ಯಾರಾದರೂ ದೂರದಿಂದ ಕೂಗಿದಾಗಲೆಲ್ಲ ಬಾರದ ಮಗುವನ್ನೇ ಕೂಗಿದ ಹಾಗಾಗುತ್ತಿತ್ತು.

ಇಂಥ ಮನೆಗೆ ಒಂದು ಸಂಜೆ ಲೆಫಾ ಬಂದ. ಆ ಕಡೆ ಬಿಳಿಯರ ಸರ್ಕಾರ ಇದ್ದ ಕಾಲ. ಬೆನ್ನಟ್ಟಿದ ಪೊಲೀಸರಿಂದ ತಪ್ಪಿಸಿಕೊಂಡು ನದಿ ದಾಟಿ ಬರುವವರು ಎಷ್ಟೋ ಮಂದಿ ಇದ್ದರು. ಓಡಿಬಂದವನನ್ನು ಹೊರಗೆ ಹಾಕಬಾರದು ಅನ್ನುವುದು ಹಳೆಯ ರಾಜನ ಕಾಲದಿಂದ ಬಂದ ಮಾತು. ಆಗಿನ ಗೌಡನೇ ಕರೆತಂದು, "ಮಾನೆಯೊ, ನಿನ್ನ ಹಿಂದಿನ ದುಂಡು ಮನೆ ಖಾಲಿ ಬಿದ್ದಿದೆಯಲ್ಲ, ಇವನಿಗೆ ಕೊಡು" ಎಂದ. ಅವನು ಊರವರ ಸೀಮೆಎಣ್ಣೆ ಒಲೆ ರಿಪೇರಿ ಮಾಡುತ್ತಿದ್ದ, ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ, ಜೋಳದ ಮುದ್ದೆ ಗಂಟುಗಂಟಾಗಿದ್ದರೂ ಚೆನ್ನಾಗಿದೆ ಅನ್ನುತ್ತ ಉಣ್ಣುತ್ತಿದ್ದ. ಮುಂದಿನ ಚಳಿ ಬರುವಷ್ಟರಲ್ಲಿ ದುಂಡು ಮನೆ ಮತ್ತೆ ಖಾಲಿಯಾಗಿತ್ತು. ಅವನು ಅವಳ ಮನೆಯಲ್ಲಿದ್ದ. ಊರಿಗೆ ಗೊತ್ತಿತ್ತು, ಊರು ಬಾಯಿಬಿಡಲಿಲ್ಲ. ಬಿಟ್ಟರೆ ಒಂದು ಕಡೆ ತೆರವಾಗಿ ಹಸು ಕೊಟ್ಟು ಅವಳನ್ನು ತಂದ ಗಂಡನ ಮನೆಯವರು, ಇನ್ನೊಂದು ಕಡೆ ಬಿಳಿಯರ ಬೇಹುಗಾರರು.

ಲೆಫಾ ಅನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಆ ಹೆಸರನ್ನು ಒಂದೇ ಸಲ ಹೇಳಿದ್ದ: ಝೋಲಿಲೆ. "ಯಾರೇ ಬಂದು ಆ ಹೆಸರು ಹಿಡಿದು ಕರೆದರೂ ನಾನು ತಿರುಗಬಾರದು. ನಮ್ಮವ್ವನ ದನಿಯಲ್ಲೇ ಕರೀಲಿ, ತಿರುಗಬಾರದು. ತಿರುಗಿದೋರೆಲ್ಲ ಹೋದ್ರು. ನೀನೇ ನಂಗೆ ಅಭ್ಯಾಸ ಮಾಡಿಸು," ಎಂದ. ಅದೇ ಒಂದು ಆಟವಾಯಿತು. ಅವನು ಒಲೆ ಬಿಚ್ಚಿಕೊಂಡು ಕೂತಾಗ ಹಿಂದಿನಿಂದ ಅವಳು ಥಟ್ಟನೆ "ಝೋಲಿಲೆ!" ಅನ್ನುವಳು. ತಿರುಗಿದರೆ ಒರತೆಯಿಂದ ನೀರು ತರುವ ಕೆಲಸ ಅವನದು, ತಿರುಗದಿದ್ದರೆ ಅವಳದು. ಮೊದಮೊದಲು ದಿನವೂ ಅವನೇ ನೀರು ತಂದ. ಬರಬರುತ್ತ ಅವಳೇ ತರಬೇಕಾಯಿತು.

ಒಮ್ಮೆ ಅವನು, "ನಂದು ಸುಳ್ಳು ಹೆಸರು, ನಿಂದು ಹುಟ್ಟದ ಮಗೂದು. ಇಬ್ರೂ ಎರವಲು ಹೆಸರಲ್ಲಿ ಸಂಸಾರ ಮಾಡ್ತಿದ್ದೀವಿ. ನಿಂಗೆ ಅಂತ ಒಂದು ಇರಲಿಲ್ವಾ?" ಎಂದು ಕೇಳಿದ. ಇತ್ತು. ಮೊಸೆಲಾಂಚಾ. ನಾಯಿಯ ಬಾಲ ಅಂತ ಅರ್ಥ. ಅವಳಿಗಿಂತ ಮುಂಚೆ ಹುಟ್ಟಿದವು ಒಂದೂ ದಕ್ಕಲಿಲ್ಲವೆಂದು, ಸಾವಿಗೂ ಅಸಹ್ಯವಾಗಿ ಮುಟ್ಟದೆ ಹೋಗಲಿ ಎಂದು ಇಟ್ಟ ಹೆಸರು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಮನೆಯೊಳಗೆ ಅದೇ ಹೆಸರಿನಿಂದ ಕರೆಯತೊಡಗಿದ. ಅವನು ಹೋದ ಮೇಲೆ ಆ ಹೆಸರು ಹಿಡಿದು ಕರೆಯುವ ಒಂದು ಜೀವವೂ ಇರಲಿಲ್ಲ.

ಹಿಮ ಜೋರಾಗಿ ಬಿದ್ದ ವರ್ಷ ಅವನ ಎದೆ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕಾಗುತ್ತದೆಂದು ಹೋಗಲು ಒಪ್ಪಲಿಲ್ಲ. ಕೊನೆಯ ಬೆಳಗ್ಗೆ, ಪಾಪ, ಹುಟ್ಟಿದ ಹೆಸರಲ್ಲಾದರೂ ಸಾಯಲಿ ಎಂದು ಅವಳು ಕಿವಿಯ ಬಳಿ ಬಾಗಿ "ಝೋಲಿಲೆ" ಅಂದಳು. ಅವನು ತುಟಿ ಕೊಂಕಿಸಿ ನಕ್ಕು, "ಇವತ್ತೂ ನೀರು ನೀನೇ ತರಬೇಕು" ಅಂದ. ತಲೆ ತಿರುಗಿಸಲಿಲ್ಲ.

ಗೌಡ ಅವಳ ಹೊಲದ ಅಂಚಿನಲ್ಲೇ ಮಣ್ಣು ಮಾಡಿಸಿದ. ಕಪ್ಪು ಬಟ್ಟೆ ಉಡುವ ಹಕ್ಕು ಅವಳಿಗಿರಲಿಲ್ಲ. ಯಾರ ಹೆಂಡತಿ ಎಂದು ಉಡುವುದು? ಗೋರಿಯ ಎಡಗಡೆ ಆಳುದ್ದದ ಜಾಗಕ್ಕೆ ಸುತ್ತ ಕಲ್ಲಿಟ್ಟು, "ಇದು ನನಗೆ" ಎಂದಷ್ಟೇ ಗೌಡನಿಗೆ ಹೇಳಿದಳು. ಬೆಳಗ್ಗೆ ಚಹಾ ಹಿಡಿದುಕೊಂಡು ಹೋಗಿ ಗೋರಿಗೆ ಊರ ಸುದ್ದಿ ಹೇಳುವುದು, ಸತ್ತ ಮೇಲೆ ಪಕ್ಕದಲ್ಲಿ ಮಲಗುತ್ತೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು, ಅಂದಿನಿಂದ ಇಷ್ಟೇ ಅವಳ ಸಂಸಾರ. ಆ ಕಡೆ ಬಿಳಿಯರ ಸರ್ಕಾರ ಹೋಯಿತು, ಊರೂರಿನಲ್ಲಿ ಸತ್ತ ತಮ್ಮವರನ್ನು ಹುಡುಕಿ ಅವರು ಮೂಳೆಗಳನ್ನು ತಮ್ಮ ಮಣ್ಣಿಗೆ ಒಯ್ಯತೊಡಗಿದರು. ಲೆಫಾ ಅನ್ನುವವನನ್ನು ಯಾರೂ ಹುಡುಕಲಿಲ್ಲ. ಈಗ ಯಾವನೋ ಹಳೆಯ ಜೊತೆಗಾರ ಸಾಯುವ ಮುಂಚೆ ಈ ಊರಿನ ಹೆಸರು ಹೇಳಿಹೋದನಂತೆ. ಅವನ ನಾಲಿಗೆಗೆ ಒಂದು ವರ್ಷ ಮುಂಚೆಯೇ ಲಕ್ವ ಹೊಡೆದಿದ್ದರೆ ಏನಾಗುತ್ತಿತ್ತು ಎಂದು ಮಾನೆಯೊ ಮನಸ್ಸಿನಲ್ಲೇ ಬೈದಳು.

ಗಾಡಿಯ ಹಿಂದಿನ ಬಾಗಿಲಿಂದ ಇಳಿದವಳು ಲೆಫಾನ ತಂಗಿ ನೊಝುಕೊ. ಮಾನೆಯೊಳಿಗಿಂತ ಸಾಕಷ್ಟು ಚಿಕ್ಕವಳು, ಆದರೂ ಮುದುಕಿಯೇ. ಹಣೆ ಅದೇ. ನಡೆಯುವಾಗ ಎಡಭುಜ ತಗ್ಗಿಸುವುದೂ ಅದೇ. ದ್ವೇಷ ಮಾಡಲು ಸೊಂಟ ಕಟ್ಟಿ ನಿಂತವಳ ಮುಂದೆ ಅವನದೇ ಹಣೆ ತಂದು ನಿಲ್ಲಿಸಿದರೆ ಏನು ಮಾಡುವುದು?

ನೊಝುಕೊಳ ಮನೆಮಾತು ಬೇರೆ, ಆದರೆ ಗಡಿಯ ಊರಿನವಳಾದ್ದರಿಂದ ನಮ್ಮ ಭಾಷೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಳಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು, ಕೊಟ್ಟ ಮುದ್ದೆ ಸೊಪ್ಪು ಉಂಡಳು.

"ಮುದ್ದೆ ಚೆನ್ನಾಗಿದೆ ಅಕ್ಕಾ."

"ಸುಳ್ಳು ಹೇಳ್ಬೇಡ. ಗಂಟಿದೆ. ನಿಮ್ಮಣ್ಣನೂ ಇದೇ ಸುಳ್ಳು ಹೇಳ್ತಿದ್ದ."

ನೊಝುಕೊ ಬಾಯ್ತುಂಬ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ರೇಡಿಯೋಗೆ ಸೆಲ್ ತರ್ತೀನಿ ಅಂತ ಹೋದೋನು ಅವನು. ನಾನು ಗೇಟಿನ ಹತ್ರ ನಿಂತಿದ್ದೆ. ಬರ್ತಾ ಮಿಠಾಯಿ ತಾ ಅಣ್ಣಾ ಅಂದೆ. ಅವ್ವ ಸಾಯೋ ತನಕ ಆ ಗೇಟಿಗೆ ಚಿಲಕ ಹಾಕೋಕೆ ಬಿಡಲಿಲ್ಲ. ಆಮೇಲೆ ನಂಗೂ ಹಾಕೋಕೆ ಮನಸ್ಸು ಬರಲಿಲ್ಲ. ಕನಸಲ್ಲಿ ಬರ್ತಾನಕ್ಕ. ಗೇಟಿನ ಆಚೆನೇ ನಿಲ್ತಾನೆ, ಬೆನ್ನು ನಮ್ಮ ಕಡೆ. ಝೋಲಿಲೆ, ಝೋಲಿಲೆ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ರೂ ತಿರುಗಲ್ಲ."

ಮಾನೆಯೊ ಚಹಾದ ಲೋಟ ಕೆಳಗಿಟ್ಟಳು. ತಿರುಗುವುದಿಲ್ಲ, ಹೌದು. ಕಲಿಸಿದವಳು ನಾನೇ.

"ನೀವು ಅವನಿಗೆ ಏನಾಗ್ಬೇಕಕ್ಕ?"

ಮೊಖೆಥಿ ಬಾಗಿಲಲ್ಲೇ ಕೂತಿದ್ದ, ಕಿವಿ ಇತ್ತ ಇಟ್ಟಿದ್ದ. "ಬಾಡಿಗೆಗಿದ್ದ," ಎಂದಳು ಮಾನೆಯೊ. "ಮನೆ ನಂದು."

"ಗೋರಿ ಪಕ್ಕ ಕಲ್ಲಿಟ್ಟಿರೋ ಜಾಗ?"

"ಅದೂ ನಂದೇ."

ನೊಝುಕೊ ಅವಳ ಮುಖ ನೋಡಿ, ತಾನು ತಂದ ಗಂಟು ಬಿಚ್ಚಿದಳು. ಒಳಗೆ ಒದ್ದೆ ಬಟ್ಟೆ ಸುತ್ತಿದ ಒಂದು ಮುಳ್ಳಿನ ಕೊಂಬೆ ಇತ್ತು, ಎಲಚಿಯ ಜಾತಿಯದು. ಸತ್ತವರ ಆತ್ಮವನ್ನು ಕರೆದೊಯ್ಯುವುದು ಇದರ ಮೇಲೆಯೇ. "ನಾಳೆ ಇದನ್ನ ಹಿಡಿದೆ ಅಂದ್ರೆ ಮನೆ ಮುಟ್ಟೋ ತನಕ ನಾನು ಅವನ ಜೊತೆ ಮಾತ್ರ ಮಾತಾಡಬೇಕು. ಬೇರೆ ಜೀವಕ್ಕೆ ಒಂದು ಮಾತು ಆಡಿದ್ರೂ ಅವನು ದಾರಿ ತಪ್ತಾನೆ. ನನ್ನಂಥ ಬಾಯಿಬಡುಕಿಗೆ ಎಂಥ ಶಿಕ್ಷೆ ನೋಡಿ. ಅದಕ್ಕೇ ಇವತ್ತೇ ಎಲ್ಲ ಮಾತಾಡಿ ಮುಗಿಸ್ತಿದ್ದೀನಿ."

"ಕರೆದ್ರೆ ಬಂದ ಅಂತ ಹೇಗೆ ಗೊತ್ತಾಗುತ್ತೆ?"

"ಕೊಂಬೆ ಭಾರ ಆಗುತ್ತೆ. ನಮ್ಮವ್ವನ್ನ ಆಸ್ಪತ್ರೆಯಿಂದ ಹೀಗೇ ಕರ್ಕೊಂಡ್ ಬಂದೆ. ಮನೆ ಮುಟ್ಟೋಷ್ಟರಲ್ಲಿ ಕೈ ಸೋತು ಹೋಗಿತ್ತು."

ಮರುದಿನ ಬಿಸಿಲು ಬೀಳುತ್ತಲೇ ಅಗೆಯುವವರು ಬಂದರು. ಬಿಳಿ ಡೇರೆ, ಕೈಗವಸು, ಎರಡು ದೇಶದ ಬಾವುಟ. ಮೂಳೆಗಳನ್ನು ಮೆತ್ತಗೆ ಎತ್ತಿ ಹೊಳೆಯುವ ಪೆಟ್ಟಿಗೆಯಲ್ಲಿಟ್ಟರು. ಮಾನೆಯೊ ಅತ್ತ ನೋಡಲಿಲ್ಲ. ಆಮೇಲೆ ನೊಝುಕೊ ಕೊಂಬೆ ಹಿಡಿದು ತೆರೆದ ಗುಂಡಿಯ ಅಂಚಿಗೆ ಬಂದು ನಿಂತಳು. "ಝೋಲಿಲೆ! ರಾಡೆಬೆ! ಭುಂಗಾನೆ!" ಎಂದು ಹೆಸರಿಗೆ ಕುಲದ ಹೆಸರು ಸೇರಿಸಿ ಕರೆದಳು. "ಅಣ್ಣಾ, ನಾನು ನೊಝುಕೊ. ಮನೆಗೆ ಹೋಗೋಣ ಬಾ, ಝೋಲಿಲೆ."

ಮಾನೆಯೊ ಕಂಬಳಿಯ ಅಂಚನ್ನು ಬಾಯಿಗೆ ಒತ್ತಿ ಹಿಡಿದು ನಿಂತಳು. ಸಾಯುವಾಗಲೂ ತಿರುಗದವನು ಈಗ ತಿರುಗುತ್ತಾನೆಯೇ? ಆ ಹೆಸರಲ್ಲ, ಲೆಫಾ ಎಂದು ಕರೆ, ಅಂದರೆ ಸಾಕಿತ್ತು. ಅನ್ನಲಿಲ್ಲ. ಮೂಳೆ ತಾನೇ ನಿಮಗೆ ಬೇಕು, ಒಯ್ಯಿರಿ, ಬಾವುಟ ಹೊದಿಸಿ, ಬ್ಯಾಂಡು ಬಾರಿಸಿ. ಅವನು ಇಲ್ಲೇ ಇರುತ್ತಾನೆ, ನನ್ನ ಹತ್ತಿರ. ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಕಾಲದ ಮೇಲೆ ಅವಳಿಗೆ ಕದ್ದು ಬೆಲ್ಲ ತಿಂದಂಥ ಸಂತೋಷವಾಯಿತು.

ಪೆಟ್ಟಿಗೆಯ ಗಾಡಿ ಮುಂದೆ ಹೋಯಿತು. ಹಿಂದಿನ ಗಾಡಿಯಲ್ಲಿ ಮುಂದೆ ಡ್ರೈವರ್ ಮತ್ತು ಮೊಖೆಥಿ, ಹಿಂದೆ ಒಂದು ಕಡೆ ನೊಝುಕೊ, ಇನ್ನೊಂದು ಕಡೆ ಮಾನೆಯೊ, ನಡುವಿನ ಸೀಟಿನಲ್ಲಿ ಕೊಂಬೆ. ಪದ್ಧತಿಯಂತೆ ಅದಕ್ಕೆ ಅದರದೇ ಸೀಟು. ಡ್ರೈವರ್ ಮರೆಯದೆ ಅದಕ್ಕೂ ಬೆಲ್ಟು ಹಾಕಿದ. ನೊಝುಕೊ ಅದರ ಬುಡ ಹಿಡಿದು ದಾರಿಯುದ್ದಕ್ಕೂ ಮಾತಾಡಿದಳು.

"ಅಣ್ಣಾ, ಈಗ ಇಳಿಜಾರು, ಗಟ್ಟಿಯಾಗಿ ಹಿಡ್ಕೊ. ಇದು ಹೊಳೆ ಅಣ್ಣಾ, ದಾಟ್ತಿದ್ದೀವಿ, ಬಾ. ನಮ್ಮನೇಲಿ ಎಲ್ಲ ಕಾಯ್ತಿದ್ದಾರೆ. ನಿನ್ನ ಪಾಲಿನ ಕುರಿ ಕಟ್ಟಿದ್ದಾರೆ. ನೀನು ನೆಟ್ಟ ಅಂಜೂರದ ಗಿಡ ಈಗ ಮನೆಗಿಂತ ಎತ್ತರ. ನಂಗೆ ಮೊಮ್ಮಕ್ಕಳಿದ್ದಾರೆ ಅಂದ್ರೆ ನಂಬ್ತೀಯಾ? ಆ ದಿನ ಮಿಠಾಯಿ ಕೇಳಿದೆ ಅಂತ ತಡ ಮಾಡಿದ್ಯೇನೋ, ಅದಕ್ಕೇ ಸಿಕ್ಕಾಕೊಂಡ್ಯೇನೋ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?"

ಮಾನೆಯೊ ಕಿಟಕಿಯ ಹೊರಗೆ ನೋಡಿದಳು. ಹೊರಗೆ ಕಂಬಳಿ ಹೊದ್ದ ಕುರುಬರು, ಕಲ್ಲಿನ ದೊಡ್ಡಿಗಳು, ಹೂ ಬಿಟ್ಟ ಪೀಚ್. ಯಾವುದೂ ಕಣ್ಣಿಗೆ ಹತ್ತಲಿಲ್ಲ. ಕಿವಿಯ ಪಕ್ಕದಲ್ಲಿ ಒಬ್ಬ ಮುದುಕಿ ಖಾಲಿ ಕೊಂಬೆಯ ಜೊತೆ ಮಾತಾಡುತ್ತಿದ್ದಾಳೆ. ಗೋರಿಯ ಹತ್ತಿರ ತಾನೂ ಮಾತಾಡಿದವಳೇ. ಆದರೆ ಅಲ್ಲಿ ಅವನಿದ್ದ. ಇವಳು ಹೇಳುವ ಹೊಳೆ, ಇಳಿಜಾರು, ಕುರಿ, ಅಂಜೂರ ಯಾವುದನ್ನೂ ಕೇಳುವವರಿಲ್ಲ. ಇದಕ್ಕಿಂತ ದೊಡ್ಡ ಒಂಟಿತನ ಇನ್ನೇನಿದೆ? ಇದನ್ನು ಇವಳ ಮೇಲೆ ಹೊರಿಸಿದವಳು ತಾನು.

ನೊಝುಕೊಳ ಮಾತು ನಿಧಾನವಾಯಿತು. ಕೊಂಬೆಯನ್ನು ಒಮ್ಮೆ ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದಳು. "ಅಣ್ಣಾ, ಇದ್ದೀಯಾ? ಯಾಕೋ ಕೊಂಬೆ ಹಗುರ. ಅವ್ವ ಬಂದಾಗ ಹೀಗಿರಲಿಲ್ಲ. ನನ್ನ ಮೇಲೆ ಸಿಟ್ಟಾ?"

ಮೊಖೆಥಿ ವಾತಾವರಣ ತಿಳಿ ಮಾಡಲು ಹಿಂದೆ ತಿರುಗಿ, "ಯಾರೋ ಹಿಡಿದಿಟ್ಕೊಂಡಿರಬೇಕು ಅವರನ್ನ" ಎಂದು ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾನೆಯೊ ಎದೆಯ ಮೇಲಿನ ಕಂಬಳಿ ಬಿಗಿದುಕೊಂಡಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಗಾಡಿ ನಿಲ್ಸಪ್ಪ. ಅವನು ಬಂದಿಲ್ಲ."

ಡ್ರೈವರ್ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಮಾನೆಯೊ ಹೇಳಿದಳು. ಆಟ, ನೀರು, ಕೊನೆಯ ಬೆಳಗ್ಗೆ, ಎಲ್ಲ. "ಆ ಹೆಸರಿಗೆ ಅವನು ತಿರುಗಲ್ಲ. ಬೆಳಗ್ಗೆಯೇ ಗೊತ್ತಿತ್ತು ನಂಗೆ. ಬಾಯಿ ಮುಚ್ಕೊಂಡು ನಿಂತೆ."

ನೊಝುಕೊಳ ಮುಖ ಕೆಂಡವಾಯಿತು. ಬಾಯಿ ತೆರೆದಳು, ಥಟ್ಟನೆ ನೆನಪಾಗಿ ಮುಚ್ಚಿದಳು. ಆಮೇಲೆ ಕೊಂಬೆಯ ಕಡೆ ತಿರುಗಿ, ನಡುಗುವ ದನಿಯಲ್ಲಿ, "ಅಣ್ಣಾ, ಈ ಹೆಂಗಸು ಯಾಕೆ ಹೀಗೆ ಮಾಡಿದ್ಳು ಅಂತ ಕೇಳು" ಎಂದಳು.

"ನಂಗೆ ಬೇರೆ ಯಾರೂ ಇಲ್ಲ," ಎಂದಳು ಮಾನೆಯೊ. "ಅದಕ್ಕೆ."

ನೊಝುಕೊ ಮೂಗು ಒರೆಸಿಕೊಂಡು ಮತ್ತೆ ಕೊಂಬೆಗೆ ಹೇಳಿದಳು, "ಅಣ್ಣಾ, ನೀನು ಇಲ್ಲಿ ಇಲ್ವಂತೆ. ಇಲ್ದಿದ್ರೂ ಕೇಳಿಸ್ಕೊ. ಗಾಡಿ ತಿರುಗಿಸು ಅಂತ ಈ ಡ್ರೈವರಿಗೆ ಹೇಳು."

ಮೊಖೆಥಿ ಹೌಹಾರಿದ. "ಅಯ್ಯೋ, ತಿರುಗಿಸೋದಾ? ಅಲ್ಲಿ ಎರಡು ಸರ್ಕಾರ ಬಿಸಿಲಲ್ಲಿ ನಿಂತಿದೆ! ರಾಜರ ಪ್ರತಿನಿಧಿ ಬಂದಾಗಿದೆ, ಬ್ಯಾಂಡಿನೋರು ಒಂದು ಸಲ ಬಾರಿಸಿಯೂ ಆಯ್ತು. ಏನಂತ ಫೋನ್ ಮಾಡ್ಲಿ? ಕೊಂಬೆ ಖಾಲಿ ಇದೆ ಅಂತಲಾ?"

"ಹಾಗೇ ಹೇಳಪ್ಪ," ಎಂದಳು ಮಾನೆಯೊ. "ನಿಮ್ಮಜ್ಜಿನ್ನ ಮನೆಗೆ ಕರ್ಕೊಂಡ್ ಹೋಗೋವಾಗ ಬರೀ ಪೆಟ್ಟಿಗೆ ಒಯ್ತಿದ್ಯಾ ನೀನು?"

ಮೊಖೆಥಿ ಫೋನನ್ನು ನೋಡಿದ, ಮುದುಕಿಯರನ್ನು ನೋಡಿದ. ಕೊನೆಗೆ ಗಾಡಿಯಿಂದ ಇಳಿದು, ಬೆನ್ನು ತಿರುಗಿಸಿ ನಿಂತು, ಮೇಲಿನವರಿಗೆ ಫೋನಿನಲ್ಲಿ ಏನೇನೋ ಹೇಳಿ ಬೈಸಿಕೊಂಡ. ಬಂದು ಕೂತು, "ತಿರುಗಿಸಯ್ಯ. ಬೇಗ" ಎಂದ. ಪೆಟ್ಟಿಗೆಯ ಗಾಡಿ ಮುಂದಿನ ಪೆಟ್ರೋಲ್ ಬಂಕಿನ ನೆರಳಿನಲ್ಲಿ ಕಾಯುತ್ತ ನಿಂತಿತು.

ಹೊಲದ ಅಂಚಿನಲ್ಲಿ ಗುಂಡಿ ಬಾಯಿ ತೆರೆದುಕೊಂಡೇ ಇತ್ತು. ಪಕ್ಕದಲ್ಲಿ ಅವಳು ಕಲ್ಲಿಟ್ಟ ಜಾಗ. ಮಾನೆಯೊ ಅದರ ಮೇಲೆಯೇ ಮಂಡಿಯೂರಿ ಕೂತಳು.

"ಲೆಫಾ," ಎಂದಳು. "ಕೇಳ್ತಿದ್ಯಾ? ಬಂದಿರೋರು ಪೊಲೀಸರಲ್ಲ. ನಿನ್ನ ತಂಗಿ, ಮಿಠಾಯಿ ಕೇಳಿದೋಳು. ಅವರ ಕಡೆ ಬಿಳಿಯರ ಕಾಲ ಮುಗಿದಾಗಲೇ ನಿಂಗೆ ಸುದ್ದಿ ಹೇಳಿದ್ದೆ. ಮನೆಗೆ ಹೋಗು ಅಂತ ಮಾತ್ರ ಹೇಳಿರಲಿಲ್ಲ. ಹೇಳೋಕೆ ಮನಸ್ಸಾಗಲಿಲ್ಲ. ಇವತ್ತು ಹೇಳ್ತಿದ್ದೀನಿ. ಆಟ ಮುಗೀತು. ಯಾವಾಗ್ಲೂ ನೀನೇ ಗೆದ್ದೆ, ಯಾವಾಗ್ಲೂ ನಾನೇ ನೀರು ಹೊತ್ತೆ. ಒಂದು ಸಲ ಸೋಲು. ನಂಗೋಸ್ಕರ ಸೋಲು." ಉಸಿರು ಎಳೆದುಕೊಂಡು, ಹಿಂದೆ ಒಲೆಯ ಮುಂದೆ ಕೂತವನ ಬೆನ್ನಿಗೆ ಕೂಗುತ್ತಿದ್ದ ಹಾಗೆಯೇ ಥಟ್ಟನೆ ಕೂಗಿದಳು, "ಝೋಲಿಲೆ!"

ಗಾಳಿ ಮೊದಲಿನ ಹಾಗೆಯೇ ಬೀಸುತ್ತಿತ್ತು. ಬೆಟ್ಟದಲ್ಲಿ ಯಾವುದೋ ಕುರಿಯ ಗಂಟೆ ಕೇಳಿಸಿತು. ನೊಝುಕೊ ಕೊಂಬೆಯನ್ನು ಗುಂಡಿಯ ಮೇಲೆ ಚಾಚಿ ನಿಂತಿದ್ದಳು. ಅವಳ ಕೈ ನಿಧಾನವಾಗಿ ಕೆಳಗಿಳಿಯಿತು. ಇನ್ನೊಂದು ಕೈ ಸೇರಿಸಿ ಎತ್ತಿಕೊಂಡಳು. ಮಾತಾಡುವ ಹಾಗಿಲ್ಲವಲ್ಲ, ಬಂದು ಕೊಂಬೆಯ ಬುಡವನ್ನು ಮಾನೆಯೊಳ ಅಂಗೈಯಲ್ಲಿಟ್ಟಳು. ಭಾರವಿತ್ತು. ಮುದಿ ಕೈಗೆ ಯಾವುದು ಭಾರವಲ್ಲ ಎಂದು ಮೊಖೆಥಿಯಂಥವರು ಕೇಳಬಹುದು. ಅವಳಿಗೆ ಗೊತ್ತಿದ್ದ ಭಾರ ಅದು, ಒಂದು ಚಳಿಗಾಲವಿಡೀ ಎತ್ತಿ ಕೂರಿಸಿ, ಎತ್ತಿ ಮಲಗಿಸಿದ ಭಾರ. ಅವಳು ಅತ್ತಳು. ಆಗ ಅಳಲಾಗದೆ ಉಳಿದದ್ದನ್ನೂ ಸೇರಿಸಿ ಅತ್ತಳು.

ಸೇತುವೆಯ ಹತ್ತಿರ ಜನ ಬಿಸಿಲಿಗೆ ಬಾಡಿಹೋಗಿದ್ದರು. ಆ ಕಡೆಯ ಮಂತ್ರಿಗೆ ಗೌರವಕ್ಕೆಂದು ನಮ್ಮ ಕಂಬಳಿ ಹೊದಿಸಿದ್ದರು. ಕಾಯ್ದು ಕಾಯ್ದು ಬೇಸತ್ತು ಅವನು ಅದನ್ನು ತಿರುಗಿಸಿ ಹೊದ್ದುಕೊಂಡಿದ್ದ, ಗೆರೆಗಳು ಅಡ್ಡವಾಗಿದ್ದವು. ಗೆರೆ ಅಡ್ಡ ಹೊದ್ದವರಿಗೆ ಏಳಿಗೆಯಿಲ್ಲ ಅಂತ ನಮ್ಮಲ್ಲಿ ಕೂಸಿಗೂ ಗೊತ್ತು. ಮುಂದಿನ ಸಾಲಿನ ಮುದುಕಿಯರು ಬಾಯಿಗೆ ಕಂಬಳಿಯ ಅಂಚು ಹಿಡಿದು ನಗುತ್ತಿದ್ದರು. ಭಾಷಣಗಳಾದವು. ಎರಡು ದೇಶಗಳದು ಕರುಳಿನ ಸಂಬಂಧ ಎಂದು ಇಬ್ಬರೂ ಹೇಳಿದರು. ಯಾರ ಕರುಳು ಎಂದು ಹೇಳಲಿಲ್ಲ.

ಪೆಟ್ಟಿಗೆ ಹೊತ್ತ ಸಿಪಾಯಿಗಳು ಮುಂದೆ ನಡೆದರು. ಹಿಂದೆ ನೊಝುಕೊ, ಪಕ್ಕದಲ್ಲಿ ಮಾನೆಯೊ, ಕೊಂಬೆಯ ಒಂದೊಂದು ತುದಿ ಹಿಡಿದುಕೊಂಡು. "ಇದು ಸೇತುವೆ, ಝೋಲಿಲೆ," ಎಂದಳು ಮಾನೆಯೊ. "ಈ ನದೀನ ನೀನು ಕತ್ತಿನ ಮಟ್ಟ ನೀರಲ್ಲಿ ದಾಟಿ ಬಂದಿದ್ದೆ. ಇವತ್ತು ಕಾಲು ಒದ್ದೆ ಆಗಲ್ಲ." ಸೇತುವೆಯ ನಡುವೆ ಬಿಳಿ ಗೆರೆ ಬಂತು. ಅವಳು ನಿಂತಳು. ಪಾಸ್‌ಪೋರ್ಟ್ ಇರಲಿಲ್ಲ. ಎಲ್ಲಿಗೂ ಹೋಗದವಳು ಯಾಕೆ ಮಾಡಿಸಿಯಾಳು?

ಹಿಡಿದ ತುದಿಯನ್ನು ಬಿಡಲು ಬೆರಳು ಒಪ್ಪಲಿಲ್ಲ. ಒಂದೊಂದಾಗಿ ಬಿಡಿಸಿಕೊಂಡಳು. ಮುಳ್ಳು ಚುಚ್ಚಿ ಒಂದು ಹನಿ ರಕ್ತ ಬಂತು.

ನೊಝುಕೊ ಗೆರೆ ದಾಟಿ ಹೋಗಲಿಲ್ಲ. ನಿಂತಳು. ಹಿಂದಿನಿಂದ ಯಾರೋ ಅವಸರ ಮಾಡಿದರೂ ಕದಲಲಿಲ್ಲ. ಮಾನೆಯೊಳ ಮುಖವನ್ನೇ ನೋಡುತ್ತ, ಕೊಂಬೆಯನ್ನು ಬಾಯಿಯ ಹತ್ತಿರ ತಂದು ಹೇಳಿದಳು:

"ಅಣ್ಣಾ, ನಿನ್ನ ಹೆಂಡತಿಗೆ ಒಂದು ಮಾತು ಹೇಳು."

ಹೆಂಡತಿ. ಎರಡು ದೇಶದ ಮಂತ್ರಿಗಳ ಮುಂದೆ, ಬಾವುಟದ ಕೆಳಗೆ, ಆ ಮಾತು ಅಷ್ಟು ಸಲೀಸಾಗಿ ಬಂತು.

"ನಿನ್ನ ಎಡಗಡೆ ಜಾಗ ಬಿಟ್ಟು ಸುತ್ತ ಕಲ್ಲಿಡಿಸ್ತೀನಿ ಅಂತ ಹೇಳು. ಅವಳ ದಿನ ಬಂದಾಗ ಸುದ್ದಿ ಮುಟ್ಟಿಸೋಕೆ ಹೇಳಿ ಇಟ್ಟಿರಲಿ. ನಾನು ಕೊಂಬೆ ತಗೊಂಡು ಬರ್ತೀನಿ. ನಾನಿಲ್ದಿದ್ರೆ ನನ್ನ ಮಗಳು ಬರ್ತಾಳೆ. ಆದ್ರೆ ಯಾವ ಹೆಸರು ಹಿಡಿದು ಕರೀಬೇಕು, ಅದನ್ನ ಈಗಲೇ ಕೇಳ್ಕೊ ಅಣ್ಣಾ. ಇನ್ನೊಂದು ಸಲ ಅರ್ಧ ದಾರಿಯಿಂದ ವಾಪಸ್ ಹೋಗೋಕೆ ನನ್ನ ಮಂಡಿ ಕೇಳಲ್ಲ."

ಮಾನೆಯೊ ಕೂಡ ಕೊಂಬೆಗೇ ಹೇಳಿದಳು.

"ನಿಂಗೆ ಗೊತ್ತಲ್ಲ. ನಿನ್ನ ತಂಗಿಗೆ ಹೇಳು. ಮೊಸೆಲಾಂಚಾ ಅಂತ ಕರೀಲಿ. ನಗಬಾರದು ಅಂತ ಹೇಳು."

ನೊಝುಕೊ ನಗಲಿಲ್ಲ. ತಿರುಗಿ ನಡೆದಳು. "ಮೊಸೆಲಾಂಚಾ," ಎಂದು ಕೊಂಬೆಗೆ ಹೇಳುತ್ತ ಹೋದಳು. "ನೆನಪಿಟ್ಕೊ ಅಣ್ಣಾ, ನಾನು ಮರೆತ್ರೆ ನೀನು ನೆನಪಿಸ್ಬೇಕು. ಮೊಸೆಲಾಂಚಾ. ಮೊಸೆಲಾಂಚಾ." ಬ್ಯಾಂಡಿನ ಸದ್ದಿನಲ್ಲಿ ದನಿ ಕರಗುವ ತನಕ ಮಾನೆಯೊ ಗೆರೆಯ ಈಚೆ ನಿಂತು ಕೇಳಿದಳು. ಆಮೇಲೂ ನಿಂತಿದ್ದಳು.

ಹಿಂದಿನಿಂದ ಮೊಖೆಥಿ ಕರೆಯುತ್ತಿದ್ದ. "ಮಾನೆಯೊ ಅವ್ವ! ಫೋಟೋಗೆ ಬನ್ನಿ! ಮಂತ್ರಿಗಳು ಕಾಯ್ತಿದ್ದಾರೆ. ಮಾನೆಯೊ ಅವ್ವ!"

ಅವಳು ತಿರುಗಲಿಲ್ಲ.